ಹಾಜರಿ ಪುಸ್ತಕದ ಹೊರಗೆ



2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆದ ಮೇಲೆ ಜಯನಗರ, ಜೆ.ಪಿ. ನಗರದ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದ ಹೆಂಗಸರಿಗೆ ಪ್ರವೇಶ ನಿಂತಿತು. ನಿಮ್ಮ ಮನೆಗೆ ಬರುತ್ತಿದ್ದಾಕೆಗೆ ಆ ತಿಂಗಳುಗಳ ಸಂಬಳ ಸಂದಿತೇ ಎಂಬುದು ನಿಮಗೇ ಗೊತ್ತು. ಆಕೆಯ ಮಗಳು ಆಗ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಳೆಂದು ಭಾವಿಸಿಕೊಳ್ಳಿ. ರಾಗಿಗುಡ್ಡದಲ್ಲಿ ಒಂದೇ ಕೋಣೆಯ ಮನೆ. ಮನೆಮಂದಿಗೆಲ್ಲ ಒಂದೇ ಮೊಬೈಲು. ಅಂದಿನ ಪಾಠ ಸಾಮಾಜಿಕ ಅಸಮಾನತೆ. ನಡುವೆ ಕರೆನ್ಸಿ ಮುಗಿದರೆ ಆಕೆ ಗೈರುಹಾಜರಿ!

ಇದು ಕಲ್ಪನೆ, ಆದರೆ ಉತ್ಪ್ರೇಕ್ಷೆಯಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ನಗರಗಳಲ್ಲಿ ಅಂತರ್ಜಾಲ ಸೌಲಭ್ಯವಿದ್ದ ಮನೆಗಳು ನೂರಕ್ಕೆ 42. ಹಳ್ಳಿಗಳಲ್ಲಿ ಸುಮಾರು 15. ಬಿ.ಟಿ.ಎಂ. ಬಡಾವಣೆಯ ಪಿ.ಜಿ. ತೊರೆದು ಹಳ್ಳಿ ಸೇರಿದ ವಿದ್ಯಾರ್ಥಿ ಈ ಎರಡನೆಯ ಲೆಕ್ಕಕ್ಕೆ ಸೇರಿದ.

ಅಧ್ಯಾಪಕರನ್ನು ದೂರುವುದು ನನ್ನ ಉದ್ದೇಶವಲ್ಲ. ಸೋಂಕಿನ ಭಯ ನಿಜವಾಗಿತ್ತು, ತರಗತಿ ಮುಚ್ಚಲೇಬೇಕಿತ್ತು. ನನ್ನ ಆಕ್ಷೇಪವಿರುವುದು ಕ್ಷೇತ್ರಕಾರ್ಯವನ್ನು ನಾವು ಅರ್ಥೈಸಿಕೊಂಡ ರೀತಿಯ ಬಗ್ಗೆ. ಸಮಾಜಕಾರ್ಯ ಬರಿಯ ಪುಸ್ತಕದಿಂದ ಹುಟ್ಟಿದ ವಿದ್ಯೆಯಲ್ಲ. ಮುಂಬೈಯ ನಾಗಪಾಡಾದಲ್ಲಿ ಬಡವರ ನಡುವೆ ನೆರೆಹೊರೆ ಕೇಂದ್ರ ನಡೆಸುತ್ತಿದ್ದ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ಮುಂದಾಳತ್ವದಲ್ಲಿಯೇ 1936ರಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಆರಂಭವಾಯಿತು. ಮೊದಲು ಕೇರಿ, ಆಮೇಲೆ ಕೊಠಡಿ. ಮಹಾಮಾರಿಯ ಕಾಲದಲ್ಲಿ ಈ ಕ್ಷೇತ್ರಕಾರ್ಯ ವೆಬಿನಾರು, ವರದಿ, ಪ್ರಮಾಣಪತ್ರಗಳಾಗಿ ಪರದೆಯ ಮೇಲೆ ಮೂಡಿತು. ಅದೇ 2020ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರವು ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆದ ಬೆನ್ನಿಗೇ ವಲಸೆ ಕಾರ್ಮಿಕರ ವಿಶೇಷ ರೈಲುಗಳನ್ನು ನಿಲ್ಲಿಸಿ, ಟೀಕೆಗಳ ನಂತರ ಕೆಲವೇ ದಿನಗಳಲ್ಲಿ ಮತ್ತೆ ಒಪ್ಪಿತು. ಸಮುದಾಯ ಸಂಘಟನೆಯ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿತ್ತೇ?

ಪಡಿತರದ ಸಾಲಿನಲ್ಲಿ ತಾಯಿಗೆ ಬದಲಾಗಿ ನಿಂತು, ಓದುಬರಹ ಬಾರದ ನೆರೆಯವರ ಅರ್ಜಿ ತುಂಬಿ, ಕ್ವಾರಂಟೈನಿನ ಮನೆಗೆ ನೀರು ಹೊತ್ತ ಹುಡುಗಿ ಮಾಡಿದ್ದು ಕ್ಷೇತ್ರಕಾರ್ಯವೇ. ಅದನ್ನು ಬರೆದುಕೊಳ್ಳಲು ವರದಿಯ ನಮೂನೆಯಲ್ಲಿ ಜಾಗ ಎಲ್ಲಿತ್ತು? ಬಡವರನ್ನು ಅಧ್ಯಯನದ ವಸ್ತುವಾಗಿ ಕಂಡು ಅಭ್ಯಾಸವಾದ ಪಠ್ಯಕ್ಕೆ ಬಡವರೇ ವಿದ್ಯಾರ್ಥಿಗಳಾಗಿ ಬಂದಾಗ ಗುರುತು ಸಿಗಲಿಲ್ಲ.

ನಿಮ್ಮ ಧರ್ಮಕೇಂದ್ರದಲ್ಲಿಯೂ ಆ ವರ್ಷಗಳಲ್ಲಿ ಓದಿದವರು ಇರಬಹುದು. ಅವರ ಅಂಕಪಟ್ಟಿ ನೋಡುವ ಮೊದಲು, ಆ ತಿಂಗಳುಗಳಲ್ಲಿ ಮನೆಗಾಗಿ, ಕೇರಿಗಾಗಿ ಏನೇನು ಮಾಡಿದಿರಿ ಎಂದೊಮ್ಮೆ ಕೇಳಿ ನೋಡಿ.