ಅಂದಚಂದದ ಜಗಳ ಮತ್ತು ಅಂಗಳದ ಪ್ರಶ್ನೆ

ಅಮೆರಿಕದ ಬಾಸ್ಟನ್ ನಗರದ ಸಿಟಿ ಹಾಲ್ ಬಗ್ಗೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಜಗಳ ನಡೆದುಬಂದಿದೆ. ವಾಸ್ತುಶಿಲ್ಪ ಬಲ್ಲವರಲ್ಲಿ ಅನೇಕರು ಅದನ್ನು ಮೇರುಕೃತಿ ಎನ್ನುತ್ತಾರೆ. ಊರಿನ ಜನರಲ್ಲಿ ಬಹಳ ಮಂದಿ ಅದು ಕುರೂಪ ಎನ್ನುತ್ತಾರೆ. ದಲಿತ ಬರವಣಿಗೆಯನ್ನು ಒರಟು, ಹಸಿ, ಇನ್ನೂ ಕಲೆಯಾಗಿಲ್ಲ ಎಂದು ಪಕ್ಕಕ್ಕಿಟ್ಟ ವಿಮರ್ಶೆಯನ್ನು ಕಂಡಿರುವ ನಮಗೆ 'ಕುರೂಪ' ಎಂಬ ಮಾತು ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಈ ಜಗಳದಲ್ಲಿ ನಾವು ಯಾವ ಕಡೆ ನಿಲ್ಲಬೇಕು ಎಂಬುದು ನನ್ನ ಪ್ರಶ್ನೆ.

ಮೊದಲು ಕಟ್ಟಡದ ಸಂಗತಿ. ನಾನು ಬಾಸ್ಟನ್ನಿಗೆ ಹೋದವನಲ್ಲ. ಫೋಟೋ, ನಕ್ಷೆ ನೋಡಿ ಓದಿಕೊಂಡವನು. 1962ರ ಸ್ಪರ್ಧೆಗೆ ಬಂದ 256 ವಿನ್ಯಾಸಗಳಲ್ಲಿ ಕಾಲ್‌ಮನ್, ಮೆಕಿನೆಲ್, ನೋಲ್ಸ್ ಎಂಬ ಮೂವರದ್ದು ಗೆದ್ದಿತು. ಕಟ್ಟಡ ಮುಗಿದದ್ದು 1968ರಲ್ಲಿ. ಕಾಂಕ್ರೀಟನ್ನು ಮೇಲುಹೊದಿಕೆಯಿಲ್ಲದೆ ಬೆತ್ತಲಾಗಿಯೇ ನಿಲ್ಲಿಸಿದ್ದಾರೆ. ಇದನ್ನು ಬ್ರೂಟಲಿಸಂ ಅಂತಾರೆ. ಕೆಳಗಿನ ಇಟ್ಟಿಗೆಯ ಭಾಗ ತೆರಿಗೆ, ಕಾಗದಪತ್ರ ಅಂತ ಬರುವ ಜನರಿಗೆ. ನಡುವೆ ಹೊರಚಾಚಿದ ಕೋಣೆಗಳಲ್ಲಿ ಮೇಯರ್ ಮತ್ತು ಕೌನ್ಸಿಲ್. ಮೇಲೆ ಒಂದೇ ನಮೂನೆಯ ಕಿಟಕಿಗಳ ಸಾಲಿನ ಹಿಂದೆ ಆಫೀಸುಗಳು. ಹೊರಗಿನ ಅಂಗಳದ ಇಟ್ಟಿಗೆಯೇ ಒಳಕ್ಕೂ ನಡೆದು ಬರುತ್ತದೆ. ಸರ್ಕಾರ ಜನರಿಗೆ ತೆರೆದುಕೊಂಡಿದೆ ಎನ್ನುವುದು ಅದರ ಆಶಯ. ಆದರೂ 2006ರಲ್ಲಿ ಮೇಯರ್ ಮೆನಿನೊ ಇದನ್ನು ಮಾರಿಬಿಡೋಣ ಎಂದರು. 2025ರಲ್ಲಿ ಅದೇ ನಗರ ಇದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು.

ಒರಟುತನ ನಮ್ಮದಲ್ಲವೇ, ಆದ್ದರಿಂದ ಈ ಕಾಂಕ್ರೀಟೂ ನಮ್ಮ ಸೌಂದರ್ಯಮೀಮಾಂಸೆಯದೇ ಎಂದು ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಬದುಕು ಬರೆಸಿದ ಒರಟುತನ ಒಂದು. ಓದಿಬಂದವರು ಆಯ್ಕೆ ಮಾಡಿಕೊಂಡ ಒರಟುತನ ಇನ್ನೊಂದು. ಈ ಕಟ್ಟಡ ನಿಂತ ಜಾಗದಲ್ಲಿ ಸ್ಕಾಲಿ ಸ್ಕ್ವೇರ್ ಎಂಬ ಪೇಟೆ ಇತ್ತು. ಅಗ್ಗದ ಅಂಗಡಿ, ನಾಟಕಶಾಲೆ, ನಾವಿಕರು ಕುಡಿಯಲು ಬರುವ ಜಾಗ. ಮರ್ಯಸ್ಥರ ಕಣ್ಣಿಗೆ ಅದು ಕೊಳಕು. 1960ರ ದಶಕದ ಆರಂಭದಲ್ಲಿ ನಗರ ಸುಧಾರಣೆಯ ಹೆಸರಿನಲ್ಲಿ ಅದನ್ನು ನೆಲಸಮ ಮಾಡಿದರು. ಬಡವರ ಜಾಗಕ್ಕೆ ಮೊದಲು 'ಕೊಳಕು' ಎಂಬ ಹೆಸರು ಬರುತ್ತದೆ, ಆಮೇಲೆ ಬುಲ್‌ಡೋಜರ್ ಬರುತ್ತದೆ. ಈ ಕ್ರಮ ನಮ್ಮ ಕೇರಿಗಳಿಗೂ ಗೊತ್ತು.

ಇನ್ನು ಆ ತೆರೆದ ಅಂಗಳ. 1974ರಲ್ಲಿ ಬಾಸ್ಟನ್ನಿನ ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳು ಒಟ್ಟಿಗೆ ಓದಬೇಕೆಂದು ಕೋರ್ಟು ಆದೇಶ ಕೊಟ್ಟಿತು. ಬಿಳಿಯರು ಬೀದಿಗಿಳಿದರು. 1976ರ ಏಪ್ರಿಲ್ 5ರಂದು ಹಾಗೆ ಬಂದ ಬಿಳಿ ಹುಡುಗರ ಗುಂಪೊಂದು ಈ ಅಂಗಳದಲ್ಲಿ ಟೆಡ್ ಲ್ಯಾಂಡ್ಸ್‌ಮಾರ್ಕ್ ಎಂಬ ಕಪ್ಪು ವಕೀಲನ ಮೇಲೆ ಬಿತ್ತು. ಮೂಗು ಮುರಿಯಿತು. ಒಬ್ಬ ಹುಡುಗ ರಾಷ್ಟ್ರಧ್ವಜದ ಕೋಲನ್ನೇ ಅವನತ್ತ ಬೀಸಿದ. ಸ್ಟ್ಯಾನ್ಲಿ ಫೋರ್ಮನ್ ತೆಗೆದ ಆ ಚಿತ್ರಕ್ಕೆ ಮರುವರ್ಷ ಪುಲಿಟ್ಜರ್ ಬಂತು. ಲ್ಯಾಂಡ್ಸ್‌ಮಾರ್ಕ್ ಹೊರಟಿದ್ದು ಅದೇ ಸಿಟಿ ಹಾಲ್‌ನ ಒಂದು ಸಭೆಗೆ. ಕಟ್ಟಡ ಕೆಲಸಗಳಲ್ಲಿ ಕಪ್ಪು ಜನರಿಗೂ ಇತರ ಅಲ್ಪಸಂಖ್ಯಾತರಿಗೂ ಪಾಲು ಸಿಗಬೇಕು ಎನ್ನುವುದು ಅಲ್ಲಿನ ವಿಷಯ.

ಇದನ್ನು ಓದುವಾಗ ನನಗೆ ಮಹಾಡ್ ನೆನಪಾಗುತ್ತದೆ. ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಬೇಕೆಂದು ಅಲ್ಲಿನ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ಹೋಗಿ ನೀರು ಮುಟ್ಟಿದಾಗ ಸವರ್ಣರ ದೊಣ್ಣೆಗಳು ಬಂದವು. ಅದೇ ವರ್ಷ ಪುರಸಭೆ ತನ್ನ ನಿರ್ಣಯವನ್ನೇ ವಾಪಸು ಪಡೆಯಿತು. ನೀರು, ಇಟ್ಟಿಗೆ ಬೇರೆ ಬೇರೆ. ತೆರೆದಿದೆ ಎಂಬ ಮಾತನ್ನು ಮೈಯಿಂದ ಪರೀಕ್ಷೆ ಮಾಡಬೇಕಾದವರು ಎರಡೂ ಕಡೆ ಒಂದೇ ಥರದವರು.

ಹಾಗಾದರೆ ಕಟ್ಟಡವೇ ತಪ್ಪಿತಸ್ಥವೇ? ಕಾಂಕ್ರೀಟು ಯಾರ ಮೂಗನ್ನೂ ಮುರಿಯಲಿಲ್ಲ. ಆದರೆ ಮೇರುಕೃತಿ ಎಂದವರೂ ಕುರೂಪ ಎಂದವರೂ ಕಣ್ಣಿಗೆ ಕಂಡದ್ದನ್ನೇ ಹಿಡಿದು ಜಗಳ ಆಡಿದರು. ಇಲ್ಲಿ ಮೊದಲು ಯಾರಿದ್ದರು, ಈಗ ಯಾರು ಹೆದರದೆ ದಾಟಬಹುದು, ಕಟ್ಟುವ ಕೂಲಿ ಯಾರಿಗೆ, ನಕ್ಷೆ ಬರೆಯುವ ಪೆನ್ಸಿಲ್ ಯಾರಿಗೆ? ದಲಿತ ವಿಮರ್ಶೆ ಕೇಳಬೇಕಾದದ್ದು ಇದನ್ನು. ಇಂಥ ಪ್ರಶ್ನೆಗೆ ಕಟ್ಟಡಗಳೂ ಬಗ್ಗುತ್ತವೆ. 2022ರಲ್ಲಿ ಮುಗಿದ ನವೀಕರಣದಲ್ಲಿ ಗಾಲಿಕುರ್ಚಿಯವರೂ ಬರುವಂತೆ ಆ ಅಂಗಳಕ್ಕೆ ಇಳಿಜಾರು ದಾರಿ ಮಾಡಿದ್ದಾರೆ. ಮೆಟ್ಟಿಲು ಯಾರನ್ನು ಹೊರಗಿಡುತ್ತದೆ ಎಂದು ಕೇಳಿದವರಿದ್ದರು, ಅದಕ್ಕೇ ಅದು ಆಯಿತು.

ಮೂಗು ಮುರಿಸಿಕೊಂಡ ಲ್ಯಾಂಡ್ಸ್‌ಮಾರ್ಕ್ ಮುಂದೆ 1997ರಲ್ಲಿ ವಾಸ್ತುಶಿಲ್ಪ ಕಲಿಸುವ ಬಾಸ್ಟನ್ ಆರ್ಕಿಟೆಕ್ಚರಲ್ ಸಂಸ್ಥೆಯ ಅಧ್ಯಕ್ಷರಾದರು. ಅಂಗಳ ದಾಟಲು ಬಿಡದಿದ್ದ ಊರಿನಲ್ಲೇ ನಕ್ಷೆ ಬರೆಯುವವರನ್ನು ತಯಾರು ಮಾಡುವ ಜಾಗದಲ್ಲಿ ಕೂತರು. ಅಂದಚಂದದ ಚರ್ಚೆ ಅಲ್ಲಿಂದ ಶುರುವಾಗಲಿ, ನನ್ನ ತಕರಾರಿಲ್ಲ.