ತಿಳಿವಳಿಕೆ ಮೊದಲು ಯಾರ ಮನೆಗೆ?

ಆರೋಗ್ಯದ ತಿಳಿವಳಿಕೆ ಹಂಚಿದರೆ ಬಡವ ಬಲ್ಲಿದರ ನಡುವಿನ ಅಂತರ ತಾನಾಗಿ ಕರಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆಗುವುದು ಎಷ್ಟೋ ಸಲ ತದ್ವಿರುದ್ಧ. ಗೋಡೆಯ ಮೇಲಿನ ಬರಹವನ್ನು ಓದಬಲ್ಲವರು ಓದುತ್ತಾರೆ, ಕೈಯಲ್ಲಿ ಕಾಸಿದ್ದವರು ಅದರಂತೆ ನಡೆಯುತ್ತಾರೆ, ಉಳಿದವರು ಇನ್ನಷ್ಟು ಹಿಂದೆ ಬೀಳುತ್ತಾರೆ. ಅದಕ್ಕೇ ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ‘ಏಕಜುಟ್’ ಸಂಸ್ಥೆ ನಡೆಸಿದ ಮಹಿಳಾ ಸಭೆಗಳ ಪ್ರಯೋಗವನ್ನು ನಾವು ಮತ್ತೆ ಮತ್ತೆ ನೋಡಬೇಕು.

ನಿರ್ಮಲಾ ನಾಯರ್ ಮತ್ತು ಪ್ರಶಾಂತ ತ್ರಿಪಾಠಿ ಕಟ್ಟಿದ ಈ ಸಂಸ್ಥೆ 2005ರಿಂದ 2008ರವರೆಗೆ ಸರಾಯಿಕೇಲಾ ಖರ್ಸಾವಾಂ, ಪಶ್ಚಿಮ ಸಿಂಗ್‌ಭೂಮ್ ಮತ್ತು ಕೆಂದುಝರ್ ಜಿಲ್ಲೆಗಳಲ್ಲಿ ಕೆಲಸ ಮಾಡಿತು. ಇಲ್ಲಿ ಬಹುಪಾಲು ಆದಿವಾಸಿಗಳು. ಅನೇಕ ಹೆಂಗಸರಿಗೆ ಓದು ಬರುತ್ತಿರಲಿಲ್ಲ. ತಿಂಗಳಿಗೊಂದರಂತೆ ಇಪ್ಪತ್ತು ಸಭೆ. ನಡೆಸಿಕೊಡುವವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಅದೇ ಸೀಮೆಯ ಒಬ್ಬ ಹೆಣ್ಣುಮಗಳು. ಅವಳು ಉಪದೇಶ ಮಾಡುವುದಿಲ್ಲ. ಚಿತ್ರದ ಕಾರ್ಡು ತೋರಿಸಿ ಒಂದು ಕೂಸು ತೀರಿಕೊಂಡ ಕತೆ ಹೇಳುತ್ತಾಳೆ, ಯಾಕೆ ಹೀಗಾಯಿತು ಎಂದು ಕೇಳುತ್ತಾಳೆ. ಹೊಕ್ಕುಳಬಳ್ಳಿ ಕೊಯ್ದ ಬ್ಲೇಡು ನಂಜಾಗಿತ್ತು. ಯಾಕೆ? ಹೊಸದು ಮನೆಯಲ್ಲಿರಲಿಲ್ಲ. ಯಾಕೆ? ತರುವವರು ಯಾರೂ ಇರಲಿಲ್ಲ. ಹೀಗೆ ಕೇಳುತ್ತಾ ಹೋದಂತೆ ರೋಗದ ಕಾರಣದ ಜೊತೆಗೆ ಬಡತನ, ಮನೆಯ ಯಜಮಾನಿಕೆ, ದೂರದ ಆಸ್ಪತ್ರೆ ಎಲ್ಲವೂ ಮಾತಿಗೆ ಬರುತ್ತವೆ. ಯಾವ ತೊಂದರೆಯನ್ನು ಮೊದಲು ಹಿಡಿಯಬೇಕು, ಅದಕ್ಕೆ ಏನು ಮಾಡಬೇಕು ಎಂದು ಹೆಂಗಸರೇ ತೀರ್ಮಾನಿಸುತ್ತಾರೆ.

ಸಭೆ ನಡೆದ ಹಳ್ಳಿಗಳಲ್ಲಿ ಎರಡನೆಯ ಮತ್ತು ಮೂರನೆಯ ವರ್ಷ ನವಜಾತ ಶಿಶುಗಳ ಮರಣ ಸಭೆಯಿಲ್ಲದ ಕಡೆಗಿಂತ ಶೇ. 45ರಷ್ಟು ಕಡಿಮೆಯಿತ್ತೆಂದು 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲಿನ ವಿಶ್ಲೇಷಣೆ: ಎಲ್ಲರಿಗಿಂತ ಹಿಂದುಳಿದ ಕುಟುಂಬಗಳಲ್ಲಿ ಇಳಿಕೆ ಶೇ. 59, ಉಳಿದವರಲ್ಲಿ ಶೇ. 36. ಲಾಭ ಮೊದಲು ಉಳ್ಳವರಿಗೆ ತಲುಪುವ ವಾಡಿಕೆ ಇಲ್ಲಿ ತಲೆಕೆಳಗಾಯಿತು. ಸಭೆಗೆ ಬರಲು ಅಕ್ಷರ ಬೇಕಿರಲಿಲ್ಲ, ದುಡ್ಡು ಬೇಕಿರಲಿಲ್ಲ. ಅಲ್ಲಿ ಕಲಿತದ್ದನ್ನು ಮನೆಯಲ್ಲೇ ಮಾಡಬಹುದಿತ್ತು. ಹೆರಿಗೆ ಮಾಡಿಸುವವರು ಸೋಪಿನಿಂದ ಕೈ ತೊಳೆದರು, ದಾರವನ್ನು ಕುದಿಸಿ ಬಳಸಿದರು, ಕೂಸಿಗೆ ಎದೆಹಾಲಲ್ಲದೆ ಬೇರೇನೂ ಕೊಡದ ತಾಯಂದಿರು ಹೆಚ್ಚಾದರು.

ಈ ಪ್ರಯೋಗದ ಮಿತಿಯೂ ಅಲ್ಲೇ ಇದೆ. ಮನೆಯೊಳಗಿನ ರೂಢಿ ಬದಲಾಯಿತು, ಆಸ್ಪತ್ರೆಗೆ ಹೋಗುವವರ ಪ್ರಮಾಣ ಅಷ್ಟಾಗಿ ಬದಲಾಗಲಿಲ್ಲ. ರಕ್ತಸ್ರಾವವಾಗುತ್ತಿರುವ ಬಾಣಂತಿಗೆ ಬೇಕಾದ್ದು ಆಂಬುಲೆನ್ಸು, ರಕ್ತ, ಡ್ಯೂಟಿಯಲ್ಲಿರುವ ಡಾಕ್ಟರು. ಅವನ್ನು ಯಾವ ಸಭೆಯೂ ಕೊಡಲಾರದು. ಜನರಿಗೆ ಅರಿವು ಮೂಡಿಸಿದ್ದೇವೆ ಎಂದು ಹೇಳಿ ಸರ್ಕಾರ ಕೈತೊಳೆದುಕೊಳ್ಳಲು ಏಕಜುಟ್‌ನ ಯಶಸ್ಸು ನೆಪವಾದರೆ ಅದು ಆ ಹೆಂಗಸರಿಗೆ ಮಾಡುವ ಅನ್ಯಾಯ. ಮುಂಬೈನ ಕೊಳೆಗೇರಿಗಳಲ್ಲಿ ಇಂಥದೇ ಸಭೆಗಳು ನಡೆದಾಗ ಶಿಶುಮರಣ ಇಳಿಯಲಿಲ್ಲ ಎಂಬುದನ್ನೂ ಮರೆಯಬಾರದು. ಬಾಂಗ್ಲಾದೇಶದಲ್ಲಿ ಮೊದಲ ಸಲ ಸಭೆ ಸೇರುವ ಗುಂಪುಗಳು ತೀರಾ ವಿರಳವಾಗಿದ್ದವು, ಫಲ ಸಿಗಲಿಲ್ಲ. ಗುಂಪುಗಳನ್ನು ಹೆಚ್ಚಿಸಿದ ಮೇಲೆ ಸಿಕ್ಕಿತು. ಏಳು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2013ರ ಅಧ್ಯಯನ ಹೇಳುವುದೂ ಇದನ್ನೇ: ಗರ್ಭಿಣಿಯರಲ್ಲಿ ಕನಿಷ್ಠ ಶೇ. 30 ಮಂದಿ ಪಾಲ್ಗೊಂಡ ಕಡೆ ಮಾತ್ರ ಸಾವುಗಳು ಎದ್ದು ಕಾಣುವಷ್ಟು ಇಳಿದವು.

ಮುಂದೆ ಆಶಾ ಕಾರ್ಯಕರ್ತೆಯರೇ ಸಭೆ ನಡೆಸಿದಾಗಲೂ ಶಿಶುಮರಣ ಇಳಿಯಿತೆಂದು 2016ರಲ್ಲಿ ತಿಳಿದುಬಂತು. ಇದು ಭರವಸೆಯ ಸುದ್ದಿ. ಆದರೆ ಆಶಾಗಳ ತಲೆಯ ಮೇಲೆ ಈಗಾಗಲೇ ಸಮೀಕ್ಷೆ, ಲಸಿಕೆ, ರಿಜಿಸ್ಟರುಗಳ ಹೊರೆಯಿದೆ. ಸಿಗುವುದು ಅಲ್ಪ ಪ್ರೋತ್ಸಾಹಧನ. ಆ ಹೊರೆಯ ಮೇಲೆ ಇದನ್ನೂ ಹೇರಿದರೆ ಸಭೆ ಸಹಿ ಹಾಕಿಸಿಕೊಳ್ಳುವ ಪುಸ್ತಕವಾಗಿ ಉಳಿದೀತು. ನಮ್ಮ ರಾಜ್ಯದಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರು ಎಷ್ಟು ಸಭೆ ನಡೆದವು ಎನ್ನುವುದಕ್ಕಿಂತ ತಾಂಡಾದ, ಕೇರಿಯ, ಹಾಡಿಯ ಎಷ್ಟು ಬಸುರಿಯರು ಅಲ್ಲಿ ಕೂತು ಮಾತಾಡಿದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ, ಸಭೆ ನಡೆಸುವವಳಿಗೆ ಸರಿಯಾದ ಸಂಬಳವನ್ನೂ ಕೊಡಲಿ.