ಜೀರ್ಣೋದ್ಧಾರಕ್ಕೆ ಸಂದ ಮನ್ನಣೆ

ವಾಸ್ತುಶಿಲ್ಪಕ್ಕೆ ಸಲ್ಲುವ ಮನ್ನಣೆಗಳಲ್ಲಿ, 1979 ನೆಯ ಇಸವಿಯಲ್ಲಿ ಪ್ರಾರಂಭವಾದ ಪ್ರಿಟ್ಜ್‌ಕರ್ ಪಾರಿತೋಷಕವು ಅಗ್ರಗಣ್ಯವೆಂಬುದು ವಾಚಕರಿಗೆ ವಿದಿತವೇ ಆಗಿದೆ. 2021 ರಲ್ಲಿ ಈ ಗೌರವವು ಫ್ರಾನ್ಸ್ ದೇಶದ ಆನ್ ಲಕಾತೋಂ, ಜಾಂ ಫಿಲಿಪ್ ವಸಾಲ್ ಎಂಬಿಬ್ಬರಿಗೆ ಸಂದಿತು. ಇರುವ ಕಟ್ಟಡವನ್ನು ಕೆಡವಲಾಗದೆಂಬುದೇ ಇವರ ಮುಖ್ಯ ಸಿದ್ಧಾಂತ. ನೂತನ ಸೌಧಗಳ ನಿರ್ಮಾಪಕರಿಗೆ ಸಾಮಾನ್ಯವಾಗಿ ದೊರೆಯುವ ಪದವಿಯು ಜೀರ್ಣೋದ್ಧಾರಕರಿಗೆ ದೊರೆತುದು ಯುಕ್ತವೇ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಇವರ ಕೃತಿಗಳಲ್ಲಿ ಎರಡನ್ನು ನೋಡಿದರೆ ಸಾಕು. ಎರಡೂ ಬೋರ್ಡೋ ನಗರದವು. 1996 ರಲ್ಲಿ ಲೆಯೋಂ ಓಕೋಕ್ ಎಂಬ ಚಿಕ್ಕ ಚೌಕವನ್ನು ಅಂದಗೊಳಿಸಿಕೊಡಬೇಕೆಂದು ನಗರಾಡಳಿತವು ಇವರನ್ನು ಕೇಳಿತು. ಇವರು ಅಲ್ಲಿಯ ಜನಜೀವನವನ್ನು ಪರಿಶೀಲಿಸಿ, ಚೌಕವು ಇರುವಂತೆಯೇ ಚೆನ್ನಾಗಿದೆ, ನೆಲಕ್ಕೆ ಹೊಸ ಜಲ್ಲಿ ಹಾಸಿ, ಮರಗಳ ಆರೈಕೆ ಮಾಡಿ, ಆಗಾಗ್ಗೆ ಶುಚಿಗೊಳಿಸಿದರೆ ಸಾಕೆಂದು ತಿಳಿಸಿದರು.

ಎರಡನೆಯದು ಗ್ರಾಂ ಪಾರ್ಕ್ ವಸತಿ. 1960 ರ ದಶಕದ ಆದಿಭಾಗದ ಮೂರು ಕಟ್ಟಡಗಳಲ್ಲಿ 530 ಮನೆಗಳು. ಫ್ರೆಡೆರಿಕ್ ದ್ರುವೋ, ಕ್ರಿಸ್ತೋಫ್ ಉತ್ಯಾಂ ಎಂಬವರೊಡಗೂಡಿ ಇವರು ಹಳೆಯ ಗೋಡೆಗಳ ಹೊರಗೆ 3.8 ಮೀಟರ್ ಅಗಲದ ಗಾಜಿನ ಮೊಗಸಾಲೆಗಳನ್ನು ಜೋಡಿಸಿದರು. ಚಳಿಗಾಲದಲ್ಲಿ ಮುಚ್ಚಿದರೆ ಅವು ಬಿಸಿಲ ಕಾವನ್ನು ಹಿಡಿದಿಡುತ್ತವೆ. ಬೇಸಗೆಯಲ್ಲಿ ತೆರೆದರೆ ಗಾಳಿಯನ್ನು ಕೊಡುತ್ತವೆ. ಕೆಲಸ ನಡೆಯುತ್ತಿದ್ದಾಗಲೂ ನಿವಾಸಿಗಳು ಮನೆ ಬಿಡಬೇಕಾಗಲಿಲ್ಲ. 2019 ರಲ್ಲಿ ಯೂರೋಪ್ ಒಕ್ಕೂಟದ ಮೀಸ್ ಫಾನ್ ಡೆರ್ ರೋಹೆ ಪಾರಿತೋಷಕವು ಈ ಕೃತಿಗೆ ಸಂದಿತು.

ಕೆಡವಿದರೆ ಹಿಂದೆ ವ್ಯಯವಾದ ಸಿಮೆಂಟು, ಉಕ್ಕು, ಶ್ರಮಗಳೆಲ್ಲ ನಿಷ್ಫಲವಾಗುವುವು; ಹೊಸದಾಗಿ ಕಟ್ಟಲು ಮತ್ತೆ ಅಷ್ಟೇ ಇಂಧನ ಬೇಕಾಗುವುದು; ನೆರೆಹೊರೆಯ ಬಳಕೆಯಂತೂ ಯಾವ ದ್ರವ್ಯದಿಂದಲೂ ಮರಳದು. ಆದಕಾರಣ ಈ ಮನ್ನಣೆಯು ಯುಕ್ತವೆಂದೇ ನಮ್ಮ ಅಭಿಪ್ರಾಯ. ಆದರೂ ಒಂದು ಕೊರತೆಯನ್ನು ಹೇಳದಿರಲಾಗದು. ಗ್ರಾಂ ಪಾರ್ಕಿಗೆ ಹೊಸ ಮೊಗವೊಂದುಂಟು. ಅದರ ಚಿತ್ರವನ್ನು ನೋಡಿ ತೀರ್ಪುಗಾರರು ಮೆಚ್ಚಬಹುದು. ಓಕೋಕ್ ಚೌಕದ ವಿವೇಕಕ್ಕೆ ತೋರಿಸತಕ್ಕ ಚಿತ್ರವೇ ಇಲ್ಲ. ಅಂಥ ಸಂಯಮವನ್ನೇ ಪ್ರತ್ಯೇಕವಾಗಿ ಗೌರವಿಸುವ ಕ್ರಮವು ಇನ್ನೂ ಬೆಳೆಯಬೇಕಾಗಿದೆ. ಮೇಲಾಗಿ, ಬಾಳಿಕೆಯೇ ಗುಣವಾದ ಕೃತಿಯನ್ನು ಅದು ಮುಗಿದೊಡನೆ ಅಳೆಯುವುದೆಂತು?

ಇಲ್ಲಿ ನಮ್ಮ ಶಾಸನಗಳು ನೆನಪಿಗೆ ಬರುತ್ತವೆ. ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ದಾನಿಗಳು ಪೂಜೆಯೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೂ ಆದಾಯವನ್ನು ನಿಯಮಿಸುತ್ತಿದ್ದುದನ್ನು ಶಾಸನಾಭ್ಯಾಸಿಗಳು ಬಲ್ಲರು. ದೇಗುಲವೂ ಬಾಡಿಗೆಯ ಮನೆಯೂ ಒಂದಲ್ಲ, ನಿಜ. ಆದರೆ ಆ ದತ್ತಿಯು ಸಂದದ್ದು ಕಟ್ಟಿದವನ ಕೀರ್ತಿಗಲ್ಲ, ಕಟ್ಟಡದ ಮುಂದಿನ ಬಾಳಿಗೆ. ಇಂದಿನ ಪಾರಿತೋಷಕಗಳು ಶಿಲ್ಪಿಯನ್ನು ಸನ್ಮಾನಿಸಿ ಅಲ್ಲಿಗೇ ನಿಲ್ಲುತ್ತವೆ. ಇಪ್ಪತ್ತು ವರ್ಷಗಳ ತರುವಾಯ ಮರಳಿ ಬಂದು, ಮೊಗಸಾಲೆಯ ಗಾಜು ಒಡೆದಾಗ ಯಾರು ಹಾಕಿಸಿದರು, ಹಳೆಯ ನಿವಾಸಿಗಳು ಇನ್ನೂ ಅಲ್ಲಿಯೇ ಇರುವರೇ ಎಂದು ವಿಚಾರಿಸಿ ಕೊಡುವ ಮನ್ನಣೆಯೇ ಪೂರ್ಣವಾದುದು.